ಗುಮ್ಮಟದ ಕೆಳಗೆ ಅತ್ತೆ ಅಳಿಯ

ದರ್ಜಿಯ ಹೆಂಡತಿಗೆ ಹಳೇ ಗುಡಿ, ಹಳೇ ಚರ್ಚು ಅಂದರೆ ಪ್ರಾಣ. ರಜೆ ಬಂತೆಂದರೆ ಗಂಡನನ್ನು ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿ ಯಾವುದಾದರೂ ಕಲ್ಲುಕಟ್ಟಡದ ಮುಂದೆ ನಿಲ್ಲಿಸುವಳು. ಈ ಸಲ ಒಂದು ಹಳೇ ಚರ್ಚು ನೋಡಲು ಅವಳ ತಾಯಿಯೂ ಹೊರಟರು. ದರ್ಜಿಗೆ ಅದು ನುಂಗಲಾರದ ತುತ್ತು. ಅತ್ತೆ ಅಳಿಯನ ಮನೆಯಲ್ಲೇ ಉಂಡು, ಅಳಿಯನ ಅಂಗಡಿಯ ಮುಂದೆಯೇ ಹಾದು, ಎದುರು ಸಾಲಿನ ದರ್ಜಿಯ ಹತ್ತಿರ ರವಿಕೆ ಹೊಲಿಸುತ್ತಿದ್ದರು. ಬೀದಿಯಲ್ಲಿ ನಗದವರಿಲ್ಲ. ಕೇಳೋಣವೆಂದರೆ ಅತ್ತೆಯ ಮುಂದೆ ಅವನ ನಾಲಿಗೆಗೆ ಬೀಗ. ಅವರೂ ಅಳಿಯನಿಗೆ ಹೇಳಬೇಕಾದದ್ದನ್ನೆಲ್ಲ ಮಗಳ ಮೂಲಕವೇ ರವಾನಿಸುತ್ತಿದ್ದರು.

ಚರ್ಚು ನೋಡುವಂಥದ್ದೇ. ಬಣ್ಣದ ಗಾಜು, ಸವೆದು ಗುಳಿಬಿದ್ದ ಮೆಟ್ಟಿಲು, ಮೇಲೆ ದೊಡ್ಡ ಬೋಗುಣಿ ಬೋರಲು ಹಾಕಿದಂಥ ಗುಮ್ಮಟ. ಮೆಟ್ಟಿಲು ಹತ್ತಿ ಗುಮ್ಮಟದ ಒಳಸುತ್ತಿನ ಕಿರುದಾರಿ ಸೇರುವಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಕಲ್ಲುಬೆಂಚಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿದರು. ಹೆಂಡತಿ ಗುಮ್ಮಟದ ಬಗ್ಗೆ ಏನೋ ಹೇಳಲು ಬಂದಳು. ದರ್ಜಿ ಅದನ್ನು ಕೇಳಿಸಿಕೊಳ್ಳದೆ ಅವಳನ್ನು ಎದುರು ತುದಿಗೆ ಕರೆದೊಯ್ದು, ಗೋಡೆಗೆ ಮುಖ ಮಾಡಿ, ಪಿಸುದನಿಯಲ್ಲಿ ಹೊಟ್ಟೆಯುರಿಯನ್ನೆಲ್ಲ ಕಕ್ಕಿದ.

"ನಿಮ್ಮಮ್ಮನಿಂದ ನಾನು ಬೀದೀಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ ಕಣೆ. ನನ್ನ ಹೊಲಿಗೆ ಅಷ್ಟು ಕೆಟ್ಟದಾ?"

ಹೆಂಡತಿ ಬಾಯಿ ತೆರೆಯುವ ಮೊದಲೇ ಗೋಡೆ ಉತ್ತರ ಕೊಟ್ಟಿತು.

"ಹೊಲಿಗೆ ಚೆನ್ನಾಗೇ ಇದೆ ಕಣಪ್ಪ."

ದರ್ಜಿ ಗೋಡೆಯಿಂದ ಹಿಂದಕ್ಕೆ ಜಿಗಿದ. ಯಾವ ಸಂತರು ಮಾತಾಡಿದರೋ ಎಂದು ಸುತ್ತ ನೋಡಿದ. ಹೆಂಡತಿ ನಗು ತಡೆಯಲಾರದೆ ಎದುರು ದಿಕ್ಕಿಗೆ ಬೆರಳು ತೋರಿಸಿದಳು. ಆ ಗುಮ್ಮಟದ ಹೆಚ್ಚುಗಾರಿಕೆಯೇ ಅದು: ಒಂದು ತುದಿಯಲ್ಲಿ ಗೋಡೆಗೆ ಪಿಸುಗುಟ್ಟಿದರೆ ಇನ್ನೊಂದು ತುದಿಯಲ್ಲಿ ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ ಕೇಳುತ್ತದೆ.

ದರ್ಜಿಗೆ ಓಡಿಹೋಗೋಣವೆನ್ನಿಸಿತು. ಆದರೆ ಅತ್ತೆಯ ಮುಖ ದೂರದಲ್ಲಿ ಗುಂಡಿಯಷ್ಟೇ ಕಾಣುತ್ತಿತ್ತು. ಅಷ್ಟು ಸಣ್ಣ ಮುಖಕ್ಕೆ ಹೆದರುವುದೇನು?

"ಮತ್ತೆ ಎದುರಂಗಡಿಗ್ಯಾಕೆ ಹೋಗ್ತೀರಿ ಅತ್ತೆ?"

ಗೋಡೆಯಿಂದ ಅತ್ತೆಯ ದನಿ ಇನ್ನಷ್ಟು ತಗ್ಗಿ ಬಂತು.

"ಅಳಿಯನ ಕೈಲಿ ಸುತ್ತಳತೆ ತೆಗೆಸ್ಕೊಳ್ಳೋದಾ? ನಾಚಿಕೆ ಆಗಲ್ವೇನಪ್ಪ ನಂಗೆ?"

ದರ್ಜಿ ಪೆಚ್ಚಾದ. ಇಷ್ಟು ವರ್ಷ ಊರಿಗೆಲ್ಲ ಅಳತೆ ತೆಗೆದವನಿಗೆ ಇದೊಂದು ಹೊಳೆದಿರಲಿಲ್ಲ. ಹಳೇ ರವಿಕೆ ಕೊಟ್ಟರೆ ಸಾಕು, ಅಳತೆ ಅದರಲ್ಲೇ ಸಿಗುತ್ತದೆ ಎಂದ. ಹಳೆಯವೆಲ್ಲ ಎದುರಂಗಡಿಯವೇ, ಕಂಕುಳಲ್ಲಿ ಬಿಗಿ, ಕೈಯೆತ್ತಿದರೆ ಪ್ರಾಣ ಹೋಗುತ್ತದೆ ಎಂದು ಅತ್ತೆ ದೂರಿದರು. ಆ ಮಾತು ಕೇಳಿ ದರ್ಜಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತೋಳು, ಕತ್ತು, ಗುಂಡಿ ಎಂದು ಇಬ್ಬರ ಮಾತು ಬೆಳೆಯುತ್ತಲೇ ಹೋಯಿತು. ಗೋಡೆಯ ಸೋಜಿಗ ಕೇಳಲು ಬಂದವರ ಸಾಲೂ ಬೆಳೆಯಿತು. ಕೊನೆಗೆ ಕಾವಲುಗಾರ ಬಂದು, ಸಂಸಾರದ ಮಾತು ಮನೆಯಲ್ಲಿಟ್ಟುಕೊಳ್ಳಿ ಎಂದು ಹೊರಡಿಸಿದ.

ಮುಂದಿನ ವಾರ ಅಳಿಯನ ಕೈಯಲ್ಲೇ ಅತ್ತೆಯ ರವಿಕೆ ತಯಾರಾಯಿತು. ಅತ್ತೆ ಅದನ್ನು ತೊಟ್ಟು ಅಂಗಡಿಗೇ ಬಂದು, ಗಿರಾಕಿಗಳ ಎದುರಲ್ಲೇ, ಮಗಳ ಹಂಗಿಲ್ಲದೆ, "ತೋಳು ಸಡಿಲ ಆಯ್ತಲ್ಲಪ್ಪ" ಎಂದರು. ದರ್ಜಿ ಸಂಜೆ ಸರಿಮಾಡಿಕೊಡುವುದಾಗಿ ಹೇಳಿ ಸ್ಟೂಲು ಎಳೆದುಕೊಟ್ಟ. ಅತ್ತೆ ಊಟದ ಹೊತ್ತಿನವರೆಗೂ ಅಲ್ಲೇ ಕೂತು, ಯಾರ ಮೈಬಣ್ಣಕ್ಕೆ ಯಾವ ಬಟ್ಟೆ ಒಪ್ಪುತ್ತದೆಂದು ಬಂದವರಿಗೆಲ್ಲ ಬುದ್ಧಿ ಹೇಳಿದರು.