ಐದು ನಕ್ಷತ್ರದ ಫ್ರಿಜ್

ಬೀಗ ಹಾಕಿದ ಮನೆಯ ಮೀಟರ್ ತಿರುಗುತ್ತಿದೆ, ತೀರಿಕೊಂಡ ಸುಬ್ಬಲಕ್ಷ್ಮಿ ಅತ್ತಿಗೆ ಒಳಗೆ ಓಡಾಡುತ್ತಾಳೆ ಎಂದು ನಂದೊಳ್ಳಿಯಲ್ಲಿ ಸುದ್ದಿಯಾದಾಗ ನಾನು ನಕ್ಕಿದ್ದೆ. ಫ್ರಿಜ್ ರಿಪೇರಿ ಮಾಡುವವನ ಕಣ್ಣಿಗೆ ಭೂತ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಅತ್ತಿಗೆ ಹೋಗಿದ್ದು ಧನಿಷ್ಠಾ ನಕ್ಷತ್ರದಲ್ಲಿ. ಪಂಚಕದ ಐದು ನಕ್ಷತ್ರಗಳಲ್ಲಿ ಸಾವಾದರೆ ಮನೆ ಬಿಡಬೇಕೆಂಬ ರೂಢಿಯಂತೆ ಗಂಡ ಸೀತಾರಾಮಣ್ಣ ಆರು ತಿಂಗಳು ತಮ್ಮನ ಮನೆಯಲ್ಲಿದ್ದ. ಹೊರಡುವ ಗಡಿಬಿಡಿಯಲ್ಲಿ ಫ್ರಿಜ್ ಆರಿಸಲು ಮರೆತಿದ್ದ, ಅಷ್ಟೆ.

ಬೀಗ ತೆಗೆದ ದಿನ ಫ್ರೀಜರ್‌ನಲ್ಲಿ ಅತ್ತಿಗೆ ಕಡೆದಿಟ್ಟ ಬೆಣ್ಣೆಮುದ್ದೆ ಸಿಕ್ಕಿತು. ಅದರ ಮೇಲೆ ಅವಳ ನಾಲ್ಕು ಬೆರಳಿನ ಗುರುತು. ಸೀತಾರಾಮಣ್ಣ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತಿದ್ದ.

ಎರಡು ಸಾವಿರದ ಒಂಬತ್ತರ ಡಿಸೆಂಬರಿನಲ್ಲಿ ಆ ಹಳೇ ಫ್ರಿಜ್ ಕೈಕೊಟ್ಟಿತು. ಬೆಣ್ಣೆ ಕರಗುವುದರೊಳಗೆ ಬೇರೆಯದು ಬೇಕೆಂದು ಅವನು ಯಲ್ಲಾಪುರದ ನನ್ನ ಅಂಗಡಿಗೆ ಓಡಿಬಂದ. ಎಷ್ಟು ಕರೆಂಟ್ ತಿನ್ನುತ್ತದೆಂದು ಹೇಳುವ ಸ್ಟಾರ್ ಚೀಟಿ ಇಲ್ಲದ್ದನ್ನು ಜನವರಿಯಿಂದ ಮಾರುವಂತಿಲ್ಲ ಎಂದು ಸರ್ಕಾರದ ಆದೇಶವಾಗಿತ್ತು. ಹಳೇ ಮಾಲು ಖಾಲಿ. ಉಳಿದಿದ್ದು ಒಂದೇ.

"ಐದು ನಕ್ಷತ್ರದ್ದು, ಸೀತಾರಾಮಣ್ಣ," ಎಂದೆ ತಮಾಷೆಗೆ.

ಅವನ ಮುಖ ಬಿಳಿಚಿತು. "ಐದು ಬ್ಯಾಡ ತಮಾ. ಮತ್ತೆ ಪಂಚಕನೇ ಆಗ್ತು. ನಾಲ್ಕಿಂದು ಇಲ್ಯ?"

"ಇಲ್ಲೆ. ಇದು ಕರೆಂಟಿಂದು, ಪಂಚಾಂಗದ್ದಲ್ಲ."

"ಯಂಗೆ ಎರಡೂ ಒಂದೇಯ."

ಅಲ್ಲಿ ಬೆಣ್ಣೆ ಕರಗುತ್ತಿದೆ, ಇಲ್ಲಿ ಇವನದು ಇದೇ ರಾಗ. ಸಿಟ್ಟು ನೆತ್ತಿಗೇರಿ, ಚೀಟಿಯ ಮೇಲಿನ ಒಂದು ನಕ್ಷತ್ರವನ್ನು ಉಗುರಿನಿಂದ ಕೆರೆದು ತೆಗೆದೆ. ಆಗ ಒಪ್ಪಿದ.

ನಂದೊಳ್ಳಿ ಮುಟ್ಟುವಾಗ ಹಳೇ ಫ್ರೀಜರ್‌ನಿಂದ ನೀರು ಇಳಿಯುತ್ತಿತ್ತು. ಹೊಸದನ್ನು ಚಾಲೂ ಮಾಡಿದೆ. ಅದು ತಣ್ಣಗಾದ ಮೇಲೆ ಅವನು ಪಾತ್ರೆ ತರಲು ಹೋದ. ಅಷ್ಟರಲ್ಲಿ ಹಳೇದರೊಳಗಿನ ಮುದ್ದೆ ಜಾರತೊಡಗಿತು. ನಾನೇ ಬಾಚಿ ಹಿಡಿದೆ. ತೀರಾ ಮೆತ್ತಗಾಗಿತ್ತು, ನನ್ನ ಬೆರಳು ಅತ್ತಿಗೆಯ ಬೆರಳಿದ್ದಲ್ಲೇ ಹೂತುಹೋದವು. ಕೈ ತೆಗೆದಾಗ ಅವಳದು ಒಂದೂ ಉಳಿದಿರಲಿಲ್ಲ. ನನಗೆ ಹೆದರಿಕೆಯಾಯಿತು. ಮುದ್ದೆಯನ್ನು ಒಳಗಿಟ್ಟು ಬಾಗಿಲು ಹಾಕಿಬಿಟ್ಟೆ.

ವಾರದ ಮೇಲೆ ನೋಡಿ ಬರಲು ಹೋದೆ. ಹೊಸ ಫ್ರಿಜ್‌ಗೆ ಸದ್ದೇ ಇಲ್ಲ, ಇಡೀ ಮನೆ ಉಸಿರು ಬಿಗಿಹಿಡಿದಂತಿತ್ತು. ಸೀತಾರಾಮಣ್ಣ ಬಾಗಿಲು ತೆಗೆದು ತೋರಿಸಿದ.

"ನೋಡು ತಮಾ, ನಿನ್ನ ಅತ್ತಿಗೆ ಬೆರಳು ಹಾಂಗೇ ಇದ್ದು. ನೀ ಆ ನಕ್ಷತ್ರ ತೆಗೆದಿದ್ದು ಒಳ್ಳೇದಾತು."

ಹೆಪ್ಪುಗಟ್ಟಿದ ಬೆಣ್ಣೆಯಲ್ಲಿ ನನ್ನ ಉಂಗುರದ ಗೆರೆ ಸ್ಪಷ್ಟವಾಗಿತ್ತು. ಕೈಯನ್ನು ಕಿಸೆಯೊಳಗೆ ಹಾಕಿಕೊಂಡು, "ಹೌದು, ಹಾಂಗೇ ಇದ್ದು," ಎಂದೆ.