ಚುಕ್ಕಿಯಿಲ್ಲದ ವಿಡಿಯೊ

ನಮ್ಮಪ್ಪ ಮರುಳಸಿದ್ದಪ್ಪನವರಿಗೆ ನನ್ನ ಮೇಲೆ ಎಷ್ಟು ನಂಬಿಕೆಯೆಂದರೆ, ನನ್ನ ಕೋಣೆಯ ಕಿಟಕಿಗೆ ಮೊಳೆ ಹೊಡೆದಿದ್ದರು. ಫೋನಿಗೆ ಬೀಗ. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಕೈಲಾಸ್ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಾವಿಬ್ಬರೂ ಮದುವೆಯ ಮಾತಾಡಿಕೊಂಡದ್ದು ಗೊತ್ತಾದ ದಿನದಿಂದ ಇದೇ ಏರ್ಪಾಡು. ಬನಶಂಕರಿಯ ನಮ್ಮ ಬೀದಿಗೆಲ್ಲ, ಅಂಜನಾ ಶಿವಮೊಗ್ಗದ ಸೋದರತ್ತೆ ಮನೆಗೆ ಹೋಗಿದ್ದಾಳೆ ಎಂದು ಹೇಳಿಯಾಗಿತ್ತು. ಶಿವಮೊಗ್ಗದಲ್ಲಿದ್ದ ನಾನು ಇಲ್ಲೇ ಹಗಲೂ ಟ್ಯೂಬ್‌ಲೈಟ್ ಉರಿಸಿಕೊಂಡು ಕೂತಿದ್ದೆ. ನನಗೆ ಬೇಕಿದ್ದದ್ದು ಇಷ್ಟೇ: ಕೈಲಾಸ್ ಒಮ್ಮೆ ನನ್ನನ್ನು ನೋಡಬೇಕು, ನಾನು ಎಲ್ಲಿಗೂ ಹೋಗಿಲ್ಲವೆಂದು ಅವನಿಗೆ ಗೊತ್ತಾಗಬೇಕು. ಆಮೇಲಿನದನ್ನು ಅವನು ನೋಡಿಕೊಳ್ಳುತ್ತಾನೆ ಎಂದು ನಂಬಿದ್ದೆ.

ಅಷ್ಟರಲ್ಲಿ ಮಸ್ಕತ್‌ನಲ್ಲಿರುವ ಒಂದು ಗಂಡು ಸಿಕ್ಕಿತು. ಫೋಟೊ ಸಾಲದು, ಹುಡುಗಿ ಮಾತಾಡುವ ವಿಡಿಯೊ ಸಿ.ಡಿ. ಕಳಿಸಿ ಎಂದನಂತೆ. ನನ್ನನ್ನು ಸ್ಟುಡಿಯೋಗೆ ಕರೆದೊಯ್ಯುವ ಧೈರ್ಯ ಅಪ್ಪನಿಗಿರಲಿಲ್ಲ. ಮದುವೆ ವಿಡಿಯೊ ತೆಗೆಯುವ ದೊಡ್ಡಪ್ಪನ ಮಗ ಚನ್ನವೀರಣ್ಣ ಒಂದು ಭಾನುವಾರ ಬೆಳಿಗ್ಗೆ ಮನೆಗೇ ಬಂದ. ಹೊಸ ಡಿಜಿಟಲ್ ಕ್ಯಾಮೆರಾ ಕೊಂಡ ಮೇಲೆ ಅವನ ಕಾಲು ನೆಲದ ಮೇಲಿರಲಿಲ್ಲ.

ರೇಷ್ಮೆ ಸೀರೆ ಉಡಿಸಿ ನನ್ನ ಕೋಣೆಯಲ್ಲೇ ಕೂರಿಸಿದರು. ಹೆಸರು, ಓದು, ಹವ್ಯಾಸ ಎಲ್ಲ ಒಪ್ಪಿಸಿದೆ. ಟಿವಿಗೆ ಹಾಕಿ ನೋಡಿದರೆ ನನ್ನ ಮುಖದ ತುಂಬ ಚುಕ್ಕಿಗಳು ಮಿಜಿಮಿಜಿ ಎನ್ನುತ್ತಿದ್ದವು.

"ಇದೇನಪ್ಪ, ಮುಖದ ಮೇಲೆ ಇರುವೆ ಹರಿದಂಗಿದೆ," ಎಂದರು ಅಮ್ಮ.

"ಗ್ರೇನ್ಸ್ ಚಿಕ್ಕಮ್ಮ. ಬೆಳಕು ಸಾಲ್ದೇ ಇದ್ರೆ ಕ್ಯಾಮೆರಾ ತಾನಾಗೇ ಗೇನ್ ಏರಿಸ್ಕೊಂಡು ಇರೋ ಬೆಳಕನ್ನೇ ಹಿಗ್ಗಿಸಿಬಿಡುತ್ತೆ. ಅದಕ್ಕೇ ಚುಕ್ಕಿ," ಎಂದ ಚನ್ನವೀರಣ್ಣ.

ಗೇನ್ ಸೊನ್ನೆಗೆ ಇಳಿಸಿದ. ಚುಕ್ಕಿಗಳು ಹೋದವು, ಜೊತೆಗೆ ನಾನೂ ಹೋದೆ. ಕತ್ತಲಲ್ಲಿ ಮೂಗುಬೊಟ್ಟು ಮಾತ್ರ ಉಳಿಯಿತು. ಝೂಮ್ ಮಾಡಿದರೆ ಬೆಳಕು ಇನ್ನೂ ಕಡಿಮೆಯಾಗುತ್ತದೆಂದು ಕ್ಯಾಮೆರಾವನ್ನೇ ಹತ್ತಿರ ತಂದ. ದೊಡ್ಡ ಬಲ್ಬುಗಳು ಬಂದವು, ಬೆಳಕು ಮುಖಕ್ಕೆ ಹೊಡೆಯಲೆಂದು ಪಕ್ಕದಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿದರು. ಚಿತ್ರ ಸುಧಾರಿಸತೊಡಗಿತು. ನನಗೆ ಭಯವಾಯಿತು. ಇಲ್ಲೇ ಮುಗಿದುಬಿಟ್ಟರೆ ಈ ಕೋಣೆಯಿಂದ ಸೀದಾ ಮಸ್ಕತ್‌ಗೆ.

"ಶೆಕೆಗೆ ತಲೆ ಸುತ್ತುತ್ತೆ ಅಣ್ಣ," ಎನ್ನುತ್ತ ಕುರ್ಚಿಯನ್ನು ಬೀರುವಿನ ನೆರಳಿಗೆ ಸರಿಸಿಕೊಂಡೆ. ಇರುವೆಗಳು ವಾಪಸ್ ಬಂದವು. ಅವನು ರೇಗಿ ಹ್ಯಾಲೊಜೆನ್ ಲೈಟು ಹಾಕಿದ. ಮನೆಯ ಫ್ಯೂಸೇ ಹಾರಿತು. ಕತ್ತಲಲ್ಲಿ ನಾನೊಬ್ಬಳೇ ನಗುತ್ತಿದ್ದೆ.

"ಚಿಕ್ಕಪ್ಪ, ಒಂದೋ ಕಿಟಕಿ ತೆಗೀರಿ, ಇಲ್ಲಾಂದ್ರೆ ಮಹಡಿ ಮೇಲೆ ಕೂರ್ಸಿ. ಬಿಸಿಲಿಗಿಂತ ದೊಡ್ಡ ಲೈಟ್ ನನ್ಹತ್ರ ಇಲ್ಲ."

ಅಪ್ಪ ಹಾರಿಬೀಳುತ್ತಾರೆ ಎಂದುಕೊಂಡೆ. ಅವರು ಗೇಟಿನ ತನಕ ಹೋಗಿ ಬೀದಿಯನ್ನೊಮ್ಮೆ ನೋಡಿ ಬಂದರು. "ಮಹಡಿಗೇ ಹೋಗೋಣ. ಯಾರಾದ್ರೂ ಕೇಳಿದ್ರೆ ನಿನ್ನೆ ಊರಿಂದ ಬಂದ್ಲು ಅಂದ್ರಾಯ್ತು."

ಸೀರೆಯ ನೆರಿಗೆ ಎತ್ತಿ ಹಿಡಿದು ಎಲ್ಲರಿಗಿಂತ ಮೊದಲೇ ಮೆಟ್ಟಿಲು ಹತ್ತಿದೆ. ಭಾನುವಾರ ಕೈಲಾಸ್‌ಗೆ ರಜೆ. ಈ ಹೊತ್ತಿಗೆ ಮನೆ ಮುಂದೆ ಬಟ್ಟೆ ಒಣಗಹಾಕುತ್ತಿರುತ್ತಾನೆ. ಬೆಳಕು ಮುಖಕ್ಕೆ ಬೀಳಲೆಂದು ಚನ್ನವೀರಣ್ಣ ನನ್ನನ್ನು ಬೀದಿಯ ಕಡೆಗೇ ತಿರುಗಿಸಿ ಕೂರಿಸಿದ. ಗೆದ್ದೆ ಎಂದುಕೊಂಡು ಕತ್ತೆತ್ತಿದೆ.

ಎದುರು ಮಹಡಿಯ ಬಾಗಿಲಿಗೆ ಬೀಗ. ಹಗ್ಗದ ಮೇಲೆ ಒಂದು ಬಟ್ಟೆಯೂ ಇಲ್ಲ. ಗ್ರಿಲ್ಲಿಗೆ 'ಟು ಲೆಟ್' ಬೋರ್ಡು ಕಟ್ಟಿದ್ದರು. ಅದರ ಬಣ್ಣ ಆಗಲೇ ಬಿಸಿಲಿಗೆ ಮಾಸಿತ್ತು.

"ಯಾವಾಗಮ್ಮ?" ಎಂದೆ.

ಅಮ್ಮ ಸೆರಗು ಸರಿಮಾಡುವ ನೆಪದಲ್ಲಿ ಬಗ್ಗಿದರು. "ನಿನ್ನ ಕೇಳ್ಕೊಂಡು ಬಂದಿದ್ದ. ಶಿವಮೊಗ್ಗಕ್ಕೆ ಹೋದ್ಲು ಅಂದ್ವಿ. ಆ ವಾರಾನೇ ಖಾಲಿ ಮಾಡ್ದ ಕಣೆ. ಮತ್ತೆ ಬಂದುಬಿಟ್ರೆ ಅಂತ ನಿಮ್ಮಪ್ಪಂಗೆ ಹೆದ್ರಿಕೆ, ಅದಕ್ಕೇ ಕಿಟಕಿ ತೆಗೀಲಿಲ್ಲ. ನಿಂಗೆ ಹೇಳ್ಬೇಡ ಅಂದಿದ್ರು."

ಇಷ್ಟು ದಿನ ನಾನು ಕಾಣಿಸಿಕೊಳ್ಳಬೇಕೆಂದು ಒದ್ದಾಡಿದ್ದು ಒಂದು ಖಾಲಿ ಮನೆಗೆ. ಅಪ್ಪನ ಮೇಲೆ ಸಿಟ್ಟು ಬಂತು, ಕೈಲಾಸ್ ಮೇಲೆ ಅದಕ್ಕಿಂತ ಹೆಚ್ಚು. ಒಂದು ಮಾತು ಕೇಳಿ ನಂಬಿ ಹೊರಟುಬಿಡುವುದೇ? ಹೆಸರು, ಓದು, ಹವ್ಯಾಸ ಎಲ್ಲವನ್ನೂ ಮತ್ತೊಮ್ಮೆ ಒಪ್ಪಿಸಿದೆ. ಎಲ್ಲೂ ತಡವರಿಸಲಿಲ್ಲ.

ಕೆಳಗೆ ಬಂದು ಫ್ಯೂಸ್ ಸರಿಮಾಡಿ ಟಿವಿಗೆ ಹಾಕಿದಾಗ ಚನ್ನವೀರಣ್ಣ ಎದೆಯುಬ್ಬಿಸಿ ನಿಂತ. "ಈಗ ಒಂದೇ ಒಂದು ಚುಕ್ಕಿ ತೋರ್ಸಿ ಚಿಕ್ಕಪ್ಪ, ನೋಡೋಣ." ನಿಜ, ಒಂದೂ ಇರಲಿಲ್ಲ. ನನ್ನ ಕಣ್ಣಲ್ಲಿ ತುಂಬಿದ್ದ ನೀರು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

"ಬಿಸಿಲಿಗೆ," ಎಂದರು ಅಪ್ಪ. ಯಾರೂ ಕೇಳಿರಲಿಲ್ಲ.

ಸಂಜೆ ಅವರೇ ಇಕ್ಕಳ ಹಿಡಿದು ಬಂದು ನನ್ನ ಕಿಟಕಿಯ ಮೊಳೆಗಳನ್ನು ಕಿತ್ತರು. "ಗಾಳಿ ಬೆಳಕು ಬರ್ಲಿ ಮಗಳೇ," ಎಂದು ಕಿಟಕಿ ಬಾಗಿಲುಗಳನ್ನು ಅಗಲವಾಗಿ ತೆರೆದಿಟ್ಟು ಹೋದರು. ಎದುರಿಗೇ ಆ ಬೋರ್ಡು. ನಾನು ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕಿದೆ.