ಮುಜಂಟಿ ಅಂಟು ಸೇರಿದ ಹಲ್ಲು

ನಾನು ಒಂದು ಉಂಡೆ ಅಂಟು. ಓದಿದವರು ನನ್ನನ್ನು ಪ್ರೊಪೊಲಿಸ್ ಎನ್ನುತ್ತಾರೆ. ಪುತ್ತೂರಿನ ಬಳಿ ಒಂದು ಹಳೆಯ ಶಾಲೆಯ ಕೆಂಪುಕಲ್ಲಿನ ಗೋಡೆಯ ಬಿರುಕಿನಲ್ಲಿ ಹುಟ್ಟಿದೆ. ಮುಳ್ಳಿಲ್ಲದ ಪುಟ್ಟ ಜೇನುಗಳಾದ ಮುಜಂಟಿಗಳು ಹಲಸು, ಮಾವಿನ ಸೊನೆಯನ್ನು ಹಿಂಗಾಲಿನಲ್ಲಿ ಹೊತ್ತು ತಂದು, ಮೇಣದೊಡನೆ ಕಲಸಿ ನನ್ನನ್ನು ಮಾಡಿದವು. ಗೂಡಿನಲ್ಲಿ ಸತ್ತ ಒಂದು ಜಿರಳೆಯನ್ನು ಹೊರಗೆಳೆಯಲಾಗದೆ ನನ್ನಿಂದಲೇ ಮುಚ್ಚಿದವು. ಎರಡು ವರ್ಷವಾದರೂ ಅದು ಕೊಳೆಯಲಿಲ್ಲ. ನನ್ನ ಶಕ್ತಿ ನನಗೆ ತಿಳಿದದ್ದು ಆ ಕತ್ತಲಲ್ಲಿ, ಯಾರೂ ಹೇಳದೆ.

ಗೋಡೆ ಕೆಡವುವಾಗ ಜೇನು ಸಾಕುವ ಪದ್ಮಯ್ಯ ಗೌಡರು ಗೂಡನ್ನು ಮಡಕೆಗೆ ಸಾಗಿಸಿದರು. ಉಳಿದ ನನ್ನನ್ನು ದಂತ ಕಾಲೇಜಿನಲ್ಲಿ ಎಂಡಿಎಸ್ ಓದುತ್ತಿದ್ದ ಡಾಕ್ಟರ್ ಜೆಸಿಂತಾ ತಮ್ಮ ಅಧ್ಯಯನಕ್ಕೆಂದು ಕೇಳಿ ಪಡೆದರು. ಆಕೆ ನನ್ನನ್ನು ಕಷಾಯದಂತೆ ನೀರಲ್ಲಿ ಕುದಿಸಿದರು. ನಾನು ಪಾತ್ರೆಯ ತಳ ಹಿಡಿದು ಕುಳಿತೆ. ಸುದ್ದಿ ಕೇಳಿ ಗೌಡರು ಫೋನಿನಲ್ಲೇ ನಕ್ಕರು.

"ನೀರಿಗೆ ಕರಗಿದ್ರೆ ಆಟಿ ತಿಂಗಳ ಜಡಿಮಳೆಗೆ ಗೂಡು ನಿಲ್ತದಾ ಡಾಕ್ಟ್ರೇ? ಸ್ಪಿರಿಟಿಗೆ ಹಾಕಿ. ನೀರಿಗೆ ಬಗ್ಗದೆ ಅದಕ್ಕೆ ಬಗ್ಗುವವರು ನಮ್ಮೂರಲ್ಲೂ ಸುಮಾರು ಜನ ಉಂಟು."

ಅದರಲ್ಲಿ ನಾನು ಕರಗಿದೆ. ಸ್ಪಿರಿಟ್ ಆರಿದ ಮೇಲೆ ಕಂದು ಲೇಪವಾದೆ. ಹಲ್ಲು ಹುಳುಕಾಗಿಸುವ ಕ್ರಿಮಿಗಳಿದ್ದ ಗಾಜಿನ ತಟ್ಟೆಯಲ್ಲಿ ನನ್ನ ಚೂರನ್ನಿಟ್ಟರು. ಮರುದಿನ ನನ್ನ ಸುತ್ತ ಒಂದು ಖಾಲಿ ವೃತ್ತವಿತ್ತು. ಅಲ್ಲಿ ಒಂದು ಕ್ರಿಮಿಯೂ ಬೆಳೆದಿರಲಿಲ್ಲ.

ಆಮೇಲೆ ವನಿತಾ ಬಂದಳು. ಮದುವೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವಳು. ವಾದ್ಯವನ್ನು ಆನಿಸಿಕೊಳ್ಳುವ ಮೇಲಿನ ಮುಂದಿನ ಹಲ್ಲೇ ಆಳಕ್ಕೆ ಹುಳುಕಾಗಿತ್ತು. ನರ ತೆಗೆದರೆ ಹಲ್ಲು ಉಳಿದೀತು, ಆದರೆ ಪೆಡಸಾಗಿ ಒಂದು ದಿನ ಮುರಿಯಲೂಬಹುದು ಎಂದರು ಜೆಸಿಂತಾ. ನರ ತೆಗೆಯದೆ ನನ್ನನ್ನು ಹಚ್ಚಿ ನೋಡುವ ತಮ್ಮ ಅಧ್ಯಯನದ ವಿಷಯವನ್ನೂ, ನಾನು ಸೋಲಬಹುದೆಂಬುದನ್ನೂ ಮುಚ್ಚಿಡದೆ ತಿಳಿಸಿದರು.

ವನಿತಾ ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡಳು. "ಸತ್ತ ಹಲ್ಲಿಗೆ ಶ್ರುತಿ ಗೊತ್ತಾಗ್ತದಾ ಡಾಕ್ಟ್ರೇ? ಉಳಿಸಿ ನೋಡಿ."

ಹುಳುಕು ತೆಗೆದಾಗ ಕೆಂಪು ಚುಕ್ಕಿಯೊಂದು ಕಂಡಿತು. ಅದು ಹಲ್ಲಿನ ಜೀವ. ಅದರ ಮೇಲೆ ನನ್ನನ್ನಿಟ್ಟು, ಮೇಲೆ ಸಿಮೆಂಟ್ ತುಂಬಿದರು. ಕೆಳಗಿನ ಮಿಡಿತ ಎಲ್ಲಿ ನಿಂತುಬಿಡುವುದೋ ಎಂದು ನಾನು ದಿನವೂ ಆಲಿಸುತ್ತಿದ್ದೆ.

ಆರು ತಿಂಗಳ ಬಳಿಕ ಜೆಸಿಂತಾ ಹಲ್ಲಿಗೆ ಮಂಜುಗಡ್ಡೆಯಷ್ಟು ತಣ್ಣಗಿನ ಹತ್ತಿ ಒತ್ತಿದರು. ಸತ್ತ ಹಲ್ಲಿಗೆ ಚಳಿ ತಿಳಿಯುವುದಿಲ್ಲ. ವನಿತಾ ತಟ್ಟನೆ ತಲೆ ಹಿಂದಕ್ಕೆಳೆದಳು.

"ಚುಳ್ ಅಂತ ಆಯ್ತು."

"ಆಗ್ಬೇಕು ಮಾರಾಯ್ತಿ," ಎನ್ನುತ್ತಾ ಜೆಸಿಂತಾ ಎಕ್ಸ್‌ರೇ ತೆಗೆಯಲು ಎದ್ದರು. "ಜೀವ ಉಂಟು."

ಎಕ್ಸ್‌ರೇಯಲ್ಲಿ ನನ್ನ ಕೆಳಗೆ ತೆಳುವಾದ ಬಿಳಿ ಗೆರೆ ಮೂಡಿತ್ತು. ಹಲ್ಲು ತಾನೇ ಕಟ್ಟಿಕೊಂಡ ಹೊಸ ಗೋಡೆ ಅದು.

ಈಗ ನನಗೆ ವಯಸ್ಸಾಗಿದೆ. ನಾನಿಲ್ಲಿದ್ದೇನೆಂದು ನೋಡಿದವರಿಗೆ ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ. ವನಿತಾ ವಾದ್ಯವನ್ನು ಹಲ್ಲಿಗಾನಿಸಿ ಉಸಿರು ತುಂಬುತ್ತಾಳೆ. ನನ್ನ ಮೈಯೆಲ್ಲ ಕಂಪಿಸುತ್ತದೆ. ಚಪ್ಪರದಲ್ಲಿ ಕುಳಿತವರಿಗಿಂತ ಒಂದು ಕ್ಷಣ ಮೊದಲೇ ಕಲ್ಯಾಣಿ ರಾಗ ನನಗೆ ಕೇಳುತ್ತದೆ.